ಸೆಪ್ಟೆಂಬರಿನ ಕೂಗು

ಟೋರ್ಕೆಲ್ ಬಾನಿಯ ಮೇಲೆ ಬಗ್ಗಿ ಯೀಸ್ಟ್ ಸುರಿದು, ಗಂಟಲು ಹರಿಯುವಂತೆ ಕೂಗಿದ.

ಯೀಸ್ಟ್ ಹಾಕುವಾಗ ಕೂಗಲೇಬೇಕು. ಇಲ್ಲದಿದ್ದರೆ ಅದು ಮೈಗಳ್ಳತನ ಮಾಡುತ್ತದೆ, ಬಿಯರ್ ಸಪ್ಪೆಯಾಗುತ್ತದೆ. ಮನೆ ತುಂಬ ಜನವಿದ್ದವರು ಎಲ್ಲರೂ ಸೇರಿ ಕೂಗುತ್ತಾರೆ. ಟೋರ್ಕೆಲ್‌ನ ಮನೆಯಲ್ಲಿ ಅವನನ್ನು ಬಿಟ್ಟರೆ ಸದ್ದು ಮಾಡುವುದು ಗೋಡೆ ಗಡಿಯಾರ ಮಾತ್ರ. ಒಬ್ಬನೇ ಕೂಗಿದ. ಕೂಗು ಹೊಳೆ ದಾಟಿತು. ಆಚೆ ದಡದಲ್ಲಿ ಸೌದೆ ಒಡೆಯುತ್ತಿದ್ದ ಐವಿಂದ್ ಎತ್ತಿದ ಕೊಡಲಿಯನ್ನು ಇಳಿಸಿದ.

ಕ್ರಿಸ್‌ಮಸ್ ಹೊತ್ತಿಗೆ ಕೂಗಿದ್ದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ನಾರ್ವೆಯ ಈ ಕಣಿವೆಯಲ್ಲಿ ಆಗ ಪ್ರತಿ ಮನೆಯಲ್ಲೂ ಬಿಯರ್ ಮಾಡುತ್ತಾರೆ. ಆದರೆ ಇದು ಸೆಪ್ಟೆಂಬರ್. ಹಿಂದುಮುಂದಿಲ್ಲದ ಮುದುಕ ಹಬ್ಬವಿಲ್ಲದ ತಿಂಗಳಲ್ಲಿ ಬಿಯರ್ ಮಾಡಿದನೆಂದರೆ ಊರಿಗೆ ಒಂದೇ ಅರ್ಥ. ತಮ್ಮ ಮಣ್ಣಿಗೆ ಬಂದವರಿಗೆ ಕೊಡಬೇಕಾದ ಬಿಯರನ್ನು ಇಲ್ಲಿನ ಹಳಬರು ತಾವೇ ಮಾಡಿಟ್ಟು ಹೋಗುತ್ತಾರೆ. ಸತ್ತ ಮೇಲೂ ಯಾರ ಹಂಗೂ ಬೇಡ ಎನ್ನುವ ಜಾತಿ.

“ಬೇಟೆಗೆ ಕಣ್ರೀ,” ಎಂದ ಟೋರ್ಕೆಲ್, ಕೇಳಿದವರಿಗೆಲ್ಲ. “ಜಿಂಕೆ ಬೇಟೆ ಶುರುವಾಗುತ್ತಲ್ಲ. ಬೆಟ್ಟದ ಗುಡಿಸಲಲ್ಲಿ ಕುಡಿಯೋಕೆ ಬೇಡ್ವಾ?”

ಯಾರೂ ನಂಬಲಿಲ್ಲ. ಹಿಂದಿನ ವಾರವಷ್ಟೇ ಐವಿಂದನ ಹೆಂಡತಿ ಗುನ್ವೋರ್, ಗಂಡನ ಹೊಟ್ಟೆನೋವಿಗೆ ಪುಡಿ ತರಲು ಪೇಟೆಗೆ ಹೋಗಿದ್ದವಳು, ಬಸ್ಸಿಳಿದು ನೆಟ್ಟಗೆ ಟೋರ್ಕೆಲ್‌ನ ಮನೆಗೆ ನುಗ್ಗಿದ್ದಳು. ಕಣ್ಣೊರೆಸಿಕೊಳ್ಳುತ್ತ ಹೊರಬಂದದ್ದನ್ನು ಹಾಲಿನ ಗಾಡಿಯವನು ಕಂಡಿದ್ದ. ಅವನು ಕಂಡದ್ದು ಸಂಜೆಯೊಳಗೆ ಊರೆಲ್ಲ ಕಂಡಂತೆಯೇ.

ಮಹಾಯುದ್ಧ ಮುಗಿದ ವರ್ಷ ಒಂದು ಗಂಡು ಜಿಂಕೆಯ ಮೈಯಲ್ಲಿ ಎರಡು ಗುಂಡು ಸಿಕ್ಕಿದ್ದವು. ಕೊಂದದ್ದು ಯಾರ ಗುಂಡು? ಆ ಒಂದು ಮಾತಿಗೆ ಟೋರ್ಕೆಲ್ ಮತ್ತು ಐವಿಂದರ ಬಾಲ್ಯದ ಗೆಳೆತನ ಮುರಿದುಬಿತ್ತು. ಆಮೇಲೆ ಟೋರ್ಕೆಲ್ ಯಾರ ಜೊತೆಗೂ ಬೇಟೆಗೆ ಹೋಗಲಿಲ್ಲ. ಹೊಳೆಯಾಚೆಯ ಮನೆಯಲ್ಲಿ ದೀಪ ಹತ್ತುವುದನ್ನು ನೋಡಿ ತನ್ನ ದೀಪ ಹತ್ತಿಸುತ್ತಿದ್ದ. ಸಾವು ನಡುವೆ ಬರುವ ಮೊದಲು ಐವಿಂದನ ಜೊತೆ ಇನ್ನೊಂದು ಬೇಟೆ. ಅವನಿಗೆ ಬೇಕಾದದ್ದು ಅಷ್ಟೇ. ಬಾ ಎಂದು ಕರೆದರೆ ಐವಿಂದ್ ಬರುವವನಲ್ಲ.

ಬಿಯರನ್ನು ಪೀಪಾಯಿಗೆ ತುಂಬುವ ದಿನ ನೆರೆಯವರು ಕರೆಯದೆಯೇ ರುಚಿ ನೋಡಲು ಬರುವುದು ವಾಡಿಕೆ. ಬಂದರು. ಟೋಪಿ ಕೈಯಲ್ಲಿ ಹಿಡಿದು, ಚರ್ಚಿನಲ್ಲಿ ನಿಂತವರ ಹಾಗೆ ಪಿಸುಗುಟ್ಟಿದರು. ಎಲ್ಲರೂ ಹೋದ ಮೇಲೆ ಐವಿಂದ್ ಬಂದ. ನಿಂತಲ್ಲೇ ಒಂದು ಗುಟುಕು ಕುಡಿದ.

“ಥೂ, ನಿನ್ನ ಕೈಗುಣ ಬದಲಾಗೇ ಇಲ್ಲ. ಹೊಗೆ ವಾಸನೆ.”

“ಬಿಟ್ಟಿ ಕುಡಿಯೋನಿಗೆ ಬಾಯಿ ಜಾಸ್ತಿ.”

“ಬೇಟೆಗೆ ಯಾರ‍್ಯಾರು?”

“ಯಾರೂ ಇಲ್ಲ.”

ಐವಿಂದ್ ಬಟ್ಟಲಿನ ತಳ ನೋಡಿದ. “ಒಬ್ಬನೇ ಹೋಗಿ ಕಮರಿಗೆ ಬಿದ್ರೆ, ಹೊತ್ತು ತರೋ ಕರ್ಮ ನನ್ನ ತಲೆಗೇ ಬರುತ್ತೆ. ನಾನೂ ಬರ್ತೀನಿ ನಡಿ.”

ಟೋರ್ಕೆಲ್ ಮುಖ ತಿರುಗಿಸಿ, ಆಗಲೇ ಗಟ್ಟಿಯಾಗಿದ್ದ ಬಿರಡೆಯನ್ನು ಇನ್ನೊಮ್ಮೆ ಗಟ್ಟಿ ಮಾಡಿದ. ದೊಡ್ಡ ಪೀಪಾಯಿಯನ್ನು ನೆಲಮಾಳಿಗೆಗೆ ಇಳಿಸಿದ. ಬೇಟೆಗೆ ಹೊರಡುವ ದಿನ ಚಿಕ್ಕ ಪೀಪಾಯಿಯನ್ನು ಬೆನ್ನಿಗೆ ಕಟ್ಟಿಕೊಂಡ.

“ಕೊಡೋ ಇಲ್ಲಿ, ನಾನು ಹೊರ್ತೀನಿ,” ಎಂದ ಐವಿಂದ್ ಬೆಟ್ಟದ ಬುಡದಲ್ಲಿ.

“ನನ್ನ ಬಿಯರ್. ನನ್ನ ಬೆನ್ನು.”

ಏರಿನಲ್ಲಿ ಐವಿಂದನ ಹೆಜ್ಜೆ ನಿಧಾನವಾಯಿತು. ಕೂಡಲೇ ಟೋರ್ಕೆಲ್ ಬಂಡೆಯ ಮೇಲೆ ಕುಸಿದು ಕೂತ. “ಉಸ್ಸಪ್ಪಾ! ನನ್ನ ಕೈಲಾಗೋಲ್ಲ ಕಣೋ.”

“ಕೂತ್ಕೋ, ಕೂತ್ಕೋ. ಜಿಂಕೆಗೇನು ರೈಲು ತಪ್ಪಿ ಹೋಗುತ್ತಾ?” ಐವಿಂದನ ದನಿ ಅಕ್ಕರೆಯಿಂದ ತೇವವಾಗಿತ್ತು. ತಾನೂ ಕೂತ. ಹೀಗೆ ಕೂತು, ಎದ್ದು, ಮತ್ತೆ ಕೂತು, ಹೊತ್ತು ಇಳಿಯುವಾಗ ಗುಡಿಸಲು ಸೇರಿದರು.

ಒಲೆ ಹಚ್ಚಿ ತೆಳು ರೊಟ್ಟಿ, ಒಣಗಿಸಿದ ಕುರಿಮಾಂಸ ಬಿಚ್ಚಿದರು. ಐವಿಂದ್ ಎರಡು ತುಂಡು ತಿಂದು, ಉಳಿದದ್ದನ್ನೆಲ್ಲ ಗೆಳೆಯನ ಕಡೆ ತಳ್ಳಿದ. “ತಿನ್ನೋ. ನಿನಗೆ ಬೇಕು ಶಕ್ತಿ.”

ಬಿಯರ್ ಒಳಗಿಳಿದಂತೆ ಮಾತು ಹೊರಬಂತು.

“ಆ ಜಿಂಕೆ ನಿಂದೇ ಕಣೋ,” ಎಂದ ಐವಿಂದ್. “ನನಗೆ ಅವತ್ತೇ ಗೊತ್ತಿತ್ತು.”

“ನನಗೂ ಗೊತ್ತಿತ್ತು.”

“ಹಾಳು ಜಂಭ. ನಿನಗೆ ಹೀಗಾಗೋವರೆಗೆ ಬಾಯಿ ಬಿಡಲಿಲ್ಲ ನೋಡು ನಾನು.” ಐವಿಂದ್ ಮುಖ ಮುಚ್ಚಿಕೊಂಡು ಅತ್ತ. ಟೋರ್ಕೆಲ್ ಕೂಡ ಅತ್ತ. ಹಾಳಾದ ವರ್ಷಗಳೆಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತಂತಾಯಿತು. ಬರಲಿರುವ ಚಳಿಗಾಲವನ್ನು ನೆನೆದು ಅವನಿಗೆ ಭಯವಾಯಿತು.

ಬೆಳಿಗ್ಗೆ ಬರ್ಚ್ ಮರಗಳ ಸಂದಿಯಲ್ಲಿ ಗಂಡು ಜಿಂಕೆಯೊಂದು ಕತ್ತೆತ್ತಿ ನಿಂತಿತ್ತು. ಐವಿಂದ್ ತನ್ನ ಕೋವಿಯನ್ನು ಕೆಳಗಿಟ್ಟ.

“ನೀನು ಹೊಡಿ. ಈ ಸಲ ಒಂದೇ ಗುಂಡು.”

“ನನ್ನ ಕೈ ನಡುಗುತ್ತೆ. ನೀನೇ ಹೊಡಿ.”

ಐವಿಂದ್ ಹೊಡೆದ. ಜಿಂಕೆ ಇದ್ದಲ್ಲೇ ಬಿತ್ತು. ಅವನ ಮುಖ ಹದಿನಾರರ ಹುಡುಗನ ಮುಖದಂತಾಯಿತು. ಟೋರ್ಕೆಲ್ ಜಿಂಕೆಯನ್ನು ನೋಡಲಿಲ್ಲ, ಆ ಮುಖವನ್ನೇ ನೋಡುತ್ತ ನಿಂತ.

ಅವರು ಬೆಟ್ಟ ಇಳಿದಾಗ ರಸ್ತೆಯಂಚಿನಲ್ಲಿ ಗುನ್ವೋರ್ ಕಾದಿದ್ದಳು. ಐವಿಂದ್ ಗೆಳೆಯನ ಬೆನ್ನು ತಟ್ಟಿ, “ಮುಂದಿನ ವಾರ ಮತ್ತೆ ಹೋಗೋಣ, ನಿನಗೆ ಆದ್ರೆ,” ಎಂದು ರಕ್ತದ ಕೈ ತೊಳೆಯಲು ಹೊಳೆಗೆ ಇಳಿದ. ನೀರಿನ ಸದ್ದಿಗೆ ಅಲ್ಲಿಗೆ ಇಲ್ಲಿನ ಮಾತು ಕೇಳುವಂತಿರಲಿಲ್ಲ. ಆದರೂ ಗುನ್ವೋರ್ ದನಿ ತಗ್ಗಿಸಿದಳು.

“ಅವರಿಗೇನೂ ಅನುಮಾನ ಬರಲಿಲ್ಲ ತಾನೆ?”

“ಇಲ್ಲ ಕಣಮ್ಮ, ಸಾಯೋನು ನಾನು ಅಂತಲೇ ನಂಬಿದ್ದಾನೆ, ಅವನ ಹೊಟ್ಟೆಯ ವಿಷಯ ಡಾಕ್ಟರು ನಿನಗೆ ಹೇಳಿದ್ದು ನಮ್ಮಿಬ್ಬರಲ್ಲೇ ಇರಲಿ.”