ಜನ್ನತಳ ಚೀಟಿ

“ಜನ್ನತ, ಪಾಸ್‌ವರ್ಡ್ ಲಗೂ ಹೇಳವಾ! ಲ್ಯಾಪ್‌ಟಾಪ್ ತಗದು ತೋರಸಲಿಲ್ಲಂದ್ರ ಇಲ್ಲಿ ಅಧಿಕಾರಿಗೋಳು ಕಸಗೋತಾರಂತ.” ಪರದೇಶದ ವಿಮಾನ ನಿಲ್ದಾಣದಿಂದ ಕಾಂತೇಶ ಸರ್ ಫೋನಿನಲ್ಲಿ ಕೂಗುತ್ತಿದ್ದರು.

ಸವದತ್ತಿಯ ಮನೆಯಲ್ಲಿ ಜನ್ನತ ಮೊಬೈಲ್ ಕವರಿನಿಂದ ಪಾಸ್‌ವರ್ಡಿನ ಚೀಟಿ ತೆಗೆದು ಬಿಡಿಸಿದಳು. ಮೂರು ವರ್ಷ ಬಿಸಿಲಲ್ಲಿ ಕುಳಿತು ಹೂಲಿಯ ಗುಡಿಗಳ ಶಾಸನಗಳನ್ನು ಓದಿದವಳು ಅವಳು. ಅದೆಲ್ಲ ತುಂಬಿದ ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಹಾಕಿದವಳೂ, ದಿನಾ ಸರ್‌ಗೆ ತೆರೆದುಕೊಟ್ಟವಳೂ ಅವಳೇ. ಅದರಿಂದಾದ ಪುಸ್ತಕದ ಮೇಲೆ ಹೆಸರು ಮಾತ್ರ ಅವರದು. ಸನ್ಮಾನದ ದಿನ ಯಾರೋ ಅವಳ ಬಗ್ಗೆ ಕೇಳಿದಾಗ, “ಆಕಿ ಬರೇ ಟೈಪ್ ಮಾಡಾಕಿ, ಆಕಿಗೇನ್ ತಿಳಿತೈತಿ?” ಎಂದು ನಕ್ಕಿದ್ದರು.

“ನಾಳೆ ನನ್ನ ಭಾಷಣ ಐತಿ, ಎಲ್ಲಾ ಇದರಾಗ ಐತಿ. ಕೈ ಮುಗೀತೇನಿ!”

ಜನ್ನತ ಚೀಟಿಯನ್ನು ನಿಧಾನವಾಗಿ ಮಡಚಿ ಮತ್ತೆ ಕವರಿನೊಳಗೆ ಸೇರಿಸಿದಳು.

“ನಾ ಬರೇ ಟೈಪ್ ಮಾಡಾಕಿರಿ ಸರ್. ನನಗೇನ್ ತಿಳಿತೈತ್ರಿ?”