ವಸ್ತಾದನ ಥಂಡಾಯಿ

"ಕಾಲಾಗ ನೋವು ತಾನಾಗೇ ಬರಂಗಿಲ್ಲ ವಸ್ತಾದ್. ಯಾರರ ತರಸ್ತಾರ."

ಎಮ್ಮೆ ಹಾಲಿನ ಕ್ಯಾನನ್ನು ಕಟ್ಟೆಯ ಮೇಲಿಟ್ಟು ಬಾಪೂಸೋ ಹೇಳಿದ. ಗರಡಿಯ ಬಾಗಿಲಲ್ಲಿ ಕೂತಿದ್ದ ಕುಸ್ತಿಗುರು ಹಿಂದೂರಾವ್ ವಸ್ತಾದ್ ಬಲಪಾದವನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದ. ಗಾಯವಿಲ್ಲ, ಬಾವಿಲ್ಲ, ಮುಳ್ಳಿಲ್ಲ. ಒಳಗೆ ಮಾತ್ರ ಯಾರೋ ಕೆಂಡ ತುರುಕಿದ ಹಾಗೆ ಉರಿ.

ಆರು ವರ್ಷದಿಂದ ಆ ಪಾದಕ್ಕೆ ಏನೂ ತಿಳಿಯುತ್ತಿರಲಿಲ್ಲ. ಸಕ್ಕರೆ ಕಾಯಿಲೆ. ಮೊಳೆ ಹೊಕ್ಕರೂ ರಕ್ತ ನೋಡಿಯೇ ಗೊತ್ತಾಗಬೇಕು. ಡಾಕ್ಟರು ಬರೆದುಕೊಟ್ಟ ಗುಳಿಗೆಗಳನ್ನು ಅವನು ಅಂದೇ ಪಂಚಗಂಗೆ ಹೊಳೆಗೆ ಎಸೆದು, ಕೊಲ್ಹಾಪುರದ ಕೆಂಪು ಮಣ್ಣು ಮೆತ್ತಿಕೊಂಡ ಮೈಗೆ ಇದೆಲ್ಲ ಯಾಕೆ ಎಂದು ಮೀಸೆ ತಿರುವಿದ್ದ. ಈಗ ಮೂರು ವಾರದಿಂದ ಈ ಉರಿ. ಇದರ ಹಿಂದೆ ಏನು ಬರುತ್ತದೆಂದು ಅವನು ಬಲ್ಲ. ಇದೇ ಕಾಯಿಲೆಯ ಅವನ ಅಣ್ಣನ ಕಾಲನ್ನು ಮೊಣಕಾಲಿಗೆ ಕತ್ತರಿಸಿದ್ದರು. ಕಾಲಿಲ್ಲದ ವಸ್ತಾದನಿಗೆ ಗರಡಿಯಲ್ಲೇನು ಕೆಲಸ?

"ಮೈ ಇಳದೈತಿ. ಅಂಗಿ ನೋಡ್ರಿ, ಗೂಟಕ್ಕ ನೇತ ಹಾಕಿದಂಗ ಕಾಣತೈತಿ," ಬಾಪೂಸೋ ಹತ್ತಿರ ಸರಿದ. "ರಾತ್ರಿ ನಿದ್ದಿ?"

"ಮೊದಲ ನಾಕ್ ಸಲ ಏಳತಿದ್ದೆ. ನೀರ ಕುಡ್ಯಾಕ, ಹೊರಗ ಹೋಗಾಕ. ಈಗ ಹೆಣ ಬಿದ್ದಂಗ ಬೀಳತೀನಿ. ಬೆಳಗಾದಮ್ಯಾಲೇ ಎಚ್ಚರ."

"ಅಯ್ಯಯ್ಯೋ! ಥಂಡಾಯಿ?"

ವಸ್ತಾದನ ದನಿ ತಗ್ಗಿತು. "ಸಪ್ಪಗ ಬರಾಕತ್ತೈತಿ."

ಇಬ್ಬರಿಗೂ ಒಮ್ಮೆಗೇ ಧೋಂಡಿ ಪೈಲ್ವಾನ ನೆನಪಾದ. ಎದುರು ಗರಡಿಯವರು ಅವನ ಥಂಡಾಯಿಯಲ್ಲಿ ಸಿಂಧೂರ ಅರೆದು ಹಾಕಿಸಿ, ವರ್ಷದೊಳಗೆ ಕೊಡ ಎತ್ತಲಾರದ ಹಾಗೆ ಮಾಡಿದ್ದರು. ಅದಕ್ಕೇ ವಸ್ತಾದನ ಬಾದಾಮಿ ಥಂಡಾಯಿ ಅರೆಯುವ ಕಲ್ಲನ್ನು ಪಟ್ಟಶಿಷ್ಯನ ಹೊರತು ಇನ್ನೊಬ್ಬರು ಮುಟ್ಟುವಂತಿಲ್ಲ. ಇಲ್ಲಿ ಆ ಕೈ ಸಾತಾಪ್ಪನದು. ಇಪ್ಪತ್ತೊಂಬತ್ತರ ಗೂಳಿ. ಇನ್ನೆಂಟು ದಿನಕ್ಕೆ ಎದುರು ಗರಡಿಯವರ ಮೇಲೆ ಅವನ ದೊಡ್ಡ ಕುಸ್ತಿ. ಮಕ್ಕಳಿಲ್ಲದ ಹಿಂದೂರಾವ್‌ಗೆ ಅವನೇ ಮಗ.

"ನಾ ಹೇಳಬಾರದು," ಎನ್ನುತ್ತಲೇ ಬಾಪೂಸೋ ಹೇಳಿಬಿಟ್ಟ. "ನಿಮ್ಮ ಸಾತಾಪ್ಪ ಎದುರ ಗರಡಿ ಓಣ್ಯಾಗ ಎರಡ ಸಲ ಕಂಡ. ಕೈಯಾಗ ಪೊಟ್ಟಣ. ನನ್ನ ನೋಡಿದ್ದೇ ತಡ, ಅಂಗಿಯೊಳಗ ತುರಕಿದ."

ಮರುದಿನ ಬೆಳಗ್ಗೆ ಹಿಂದೂರಾವ್ ಅರೆಯುವ ಕೋಣೆಯ ಕದದ ಹಿಂದೆ ನಿಂತ. ಸಾತಾಪ್ಪ ಬಾದಾಮಿ ಅರೆದ, ಗಸಗಸೆ ಅರೆದ, ಹಾಲು ಬೆರೆಸಿದ. ಆಚೀಚೆ ನೋಡಿದ. ಸೊಂಟದಿಂದ ಪೊಟ್ಟಣ ತೆಗೆದು ಒಂದು ಚಿಟಿಕೆ ಬಿಳಿ ಪುಡಿಯನ್ನು ವಸ್ತಾದನ ಹಿತ್ತಾಳೆ ಲೋಟಕ್ಕೆ ಹಾಕಿದ. ಆ ಒಂದೇ ಲೋಟಕ್ಕೆ.

"ಏನಲೇ ಅದು?"

ಉತ್ತರಕ್ಕೆ ಕಾಯದೆ ವಸ್ತಾದ್ ಅವನ ಕತ್ತು ಹಿಡಿದು ಅಖಾಡಕ್ಕೆ ಎಳೆದು ತಂದು ಕೆಡವಿದ. ಬಸ್ಕಿ ಹೊಡೆಯುತ್ತಿದ್ದ ಪೈಲ್ವಾನರೆಲ್ಲ ಗೋಡೆಗೆ ಸರಿದರು. ಅರವತ್ತೆರಡರ ಮೊಣಕಾಲು ಸಾತಾಪ್ಪನ ಬೆನ್ನೇರಿತು. ಬಲಗೈ ಹಿಂದಕ್ಕೆ ತಿರುಗಿತು.

"ಯಾರ ಕೊಟ್ಟರು?"

"ಕೇಳಬ್ಯಾಡ್ರಿ ವಸ್ತಾದ್."

"ಯಾರ?"

"ಆಣಿ ಆಗೇತ್ರಿ. ಹೇಳಂಗಿಲ್ಲ."

ಒಂದು ಕೊಡವಿಗೆ ಸಾತಾಪ್ಪ ಅವನನ್ನು ಗೋಡೆಗೆ ಎಸೆಯಬಹುದಿತ್ತು. ಎಸೆಯಲಿಲ್ಲ. ಗುರುವಿನ ಮೈಮೇಲೆ ಸಿಟ್ಟಿನ ಕೈ ಹೋಗಬಾರದು. ವಸ್ತಾದ್ ಇನ್ನೊಂದು ಸುತ್ತು ತಿರುವಿದ. ಕಬ್ಬು ಮುರಿದ ಸದ್ದಾಗಿ ಭುಜ ಕಳಚಿತು. ಸಾತಾಪ್ಪ ಬಾಯಿತುಂಬ ಮಣ್ಣು ಕಚ್ಚಿದ.

"ವಿಷ ಅಲ್ಲಂದ್ರ ನೀನ ಕುಡಿ!" ವಸ್ತಾದ್ ಪೊಟ್ಟಣ ಪೂರ್ತಿ ಲೋಟಕ್ಕೆ ಸುರಿದ.

"ಇಷ್ಟೂ?"

"ಯಾಕ, ಜೀವದ ಆಸೆ ಬಂತೇನು?"

ಸಾತಾಪ್ಪ ಲೋಟವನ್ನೇ ನೋಡಿದ. "ಕುಡದರ, ನಾಳಿಂದ ಮತ್ತ ನನ್ನ ಕೈಲೇ ಕುಡೀತೀರಿ?"

"ಉಳದರ ನೋಡೋಣ."

ಎಡಗೈಯಲ್ಲಿ ಎತ್ತಿ, ಒಂದೇ ಉಸಿರಿಗೆ ಕುಡಿದ. ಸಾವಿರ ಬಸ್ಕಿ ಹೊಡೆದ ಬರಿಹೊಟ್ಟೆ.

"ಯಾರೂ ಮುಟ್ಟಬ್ಯಾಡ್ರಿ," ಎಂದು ವಸ್ತಾದ್ ಅಖಾಡದ ಅಂಚಿಗೆ ಕೂತ. ಬಿಸಿಲು ಮಣ್ಣಿಗಿಳಿಯಿತು. ತಾಸು ಕಳೆಯುವಷ್ಟರಲ್ಲಿ ಸಾತಾಪ್ಪನ ಹಣೆ ಬೆವರಿತು. ಕೈ ನಡುಗಿತು. ಏನೋ ಹೇಳಹೋದ, ನಾಲಿಗೆ ತೊದಲಿತು. ಆಮೇಲೆ ಬೇರು ಕಡಿದ ಮರದ ಹಾಗೆ ಉರುಳಿ ಕಾಲು ಝಾಡಿಸತೊಡಗಿದ.

"ನೋಡ್ರಲೇ!" ವಸ್ತಾದ್ ಅವನ ಪಕ್ಕೆಗೆ ಎಡಗಾಲಲ್ಲಿ ಒದ್ದ. ಮತ್ತೊಮ್ಮೆ ಒದ್ದ. "ದಿನಾ ನನ್ನ ಹೊಟ್ಟಿಗೆ ಹೊಕ್ಕಿದ್ದು ಇದ!"

ಗದ್ದಲ ಕೇಳಿ ಹಿಂದಿನ ಮನೆಯಿಂದ ಅಕ್ಕಾತಾಯಿ ಓಡಿಬಂದಳು. ಹೆಂಗಸರು ಗರಡಿಯ ಹೊಸ್ತಿಲು ದಾಟುವಂತಿಲ್ಲ. ವಸ್ತಾದನ ಹೆಂಡತಿಯಾಗಿ ನಲವತ್ತು ವರ್ಷ ಅವಳೂ ದಾಟಿರಲಿಲ್ಲ. ಹೊಸ್ತಿಲಲ್ಲೇ ನಿಂತು ಬಿದ್ದವನನ್ನು ನೋಡಿದಳು, ಖಾಲಿ ಪೊಟ್ಟಣ ನೋಡಿದಳು. ಹಿಂದಕ್ಕೆ ಓಡಿದಳು. ಬಂದಾಗ ಕೈಯಲ್ಲಿ ಸಕ್ಕರೆ ಡಬ್ಬಿ. ಹೊಸ್ತಿಲು ದಾಟಿ, ಮಣ್ಣಲ್ಲಿ ಕೂತು, ಸಾತಾಪ್ಪನ ಒಸಡಿಗೆ ಸಕ್ಕರೆ ತಿಕ್ಕತೊಡಗಿದಳು.

"ವಿಷಕ್ಕ ಸಕ್ರಿ ಹಾಕತಾರೇನ, ಹುಚ್ಚಿ?"

"ಪೂರಾ ಕುಡಿಸೀರಿ?"

"ಪೂರಾ."

"ಹದಿನೈದ ದಿನದ್ದು!" ಅವಳ ಕೈ ನಿಲ್ಲಲಿಲ್ಲ. "ನೀವು ಹೊಳಿಗೆ ಚೆಲ್ಲಿದ್ರಲ್ಲ, ಅದ ಮೈಯಾಗಿನ ಸಕ್ರಿ ಇಳಸೋ ಗುಳಗಿ ಇದು. ಎರಡ ತಿಂಗಳಾತು. ಎದುರ ಗರಡಿ ಓಣಿ ಡಾಕ್ಟರ ಕಡೆಯಿಂದ ಇಂವ ತರತಾನ, ನಾ ಕುಟ್ಟಿ ಕೊಡತೀನಿ. ಥಂಡಾಯಿ ಸಕ್ರಿನೂ ಕಡಿಮಿ ಮಾಡಿಸೇನಿ. ನಿಮಗ ಗೊತ್ತಾದರ ಕುಡ್ಯೂದ ಬಿಡತೀರಿ, ಕಾಲ ಹೋಗತೈತಿ ಅಂತ ಆಣಿ ಹಾಕಿಸಿದಾಕಿ ನಾನ. ಸಕ್ರಿ ಬರ್ರನ ಇಳದರ ಸತ್ತ ಕಾಲು ಮೊದಲ ಉರೀತೈತಿ, ಅಂಜಬ್ಯಾಡ್ರಿ ಅಂದಿದ್ರು ಡಾಕ್ಟರು."

ಸಾತಾಪ್ಪನ ನಾಲಿಗೆ ಅಲುಗಿ ತುಟಿಯ ಸಕ್ಕರೆ ನೆಕ್ಕಿತು. ಕಣ್ಣು ತೆರೆಯಲಿಲ್ಲ. ಪೆಟ್ಟಾಗದ ಎಡಗೈ ಮಣ್ಣಿನಲ್ಲಿ ತಡಕಾಡಿ, ಪಕ್ಕದಲ್ಲಿದ್ದ ವಸ್ತಾದನ ಬಲಪಾದಕ್ಕೆ ಆತುಕೊಂಡಿತು. ಐದೂ ಬೆರಳು, ಒಂದೊಂದಾಗಿ, ಹಿಂದೂರಾವ್‌ಗೆ ತಿಳಿದವು.