ಗಾಜಿನ ಮೇಲಿನ ಸುಣ್ಣ

ಮೊದಲ ಡಬ್ಬಿಯ ಮುಚ್ಚಳ ತೆಗೆದು ನಳಿನಿ ಬೆರಳಿನಿಂದ ಮಣ್ಣು ಸರಿಸಿದಳು. ಮೂರು ವಾರದ ಹಿಂದೆ ಹತ್ತು ಎರೆಹುಳು ಬಿಟ್ಟಿದ್ದಳು. ಎರಡು ಸಿಕ್ಕವು. ಅವೂ ಅಲುಗಲಿಲ್ಲ. ಉಳಿದವು ಆಗಲೇ ಮಣ್ಣಾಗಿದ್ದವು.

"ನಾನು ಹೇಳಿರ್ಲಿಲ್ವಾ ಮೇಡಂ?" ಎಂದ ಪದ್ಮನಾಭ. ಮಣಿಕೊಂಡದ ಆ ಹೊಸ ಸಾಫ್ಟ್‌ವೇರ್ ಕಂಪನಿಯ ಕಟ್ಟಡ ನೋಡಿಕೊಳ್ಳುವ ಮ್ಯಾನೇಜರು, ಮೈಸೂರಿನವನು. "ಹುಲ್ಲಿನ ಮೇಲೆಲ್ಲ ಹುಳ ಎದ್ದು ಬಂದು ಸಾಯೋದು ಸುಮ್ನೇನಾ? ಈ ಮಾಲಿನೇ ಏನೋ ಔಷಧಿ ಹೊಡೆದಿದಾನೆ. ರಿಪೋರ್ಟ್ ಬರೆದುಕೊಡಿ, ಇವತ್ತೇ ಗೇಟಿನಿಂದ ಆಚೆ ಕಳಿಸ್ತೀನಿ."

ಮಾಲಿ ಮೌನಪ್ಪ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ. "ನಾ ಏನೂ ಹೊಡದಿಲ್ರಿ ಸಾಹೇಬ್ರ. ನೀವು ಹೇಳಿದ ನೀರು ಬಿಟ್ಟೀನಿ, ಅಷ್ಟ."

"ತಡೀರಿ ಕಾಕಾ, ಇನ್ನೊಂದು ಡಬ್ಬಿ ಐತಿ," ಎಂದಳು ನಳಿನಿ. ಹಿಮಾಯತ್‌ನಗರದ ಮಣ್ಣು ಪರೀಕ್ಷೆಯ ಲ್ಯಾಬಿನಿಂದ ಬಂದವಳು, ಊರು ರಾಯಚೂರು. ಎರಡನೆಯ ಡಬ್ಬಿಯಲ್ಲೂ ಇದೇ ಹುಲ್ಲುಹಾಸಿನ ಮಣ್ಣು, ಹತ್ತೇ ಹುಳು, ಅವೇ ಮೂರು ವಾರ. ಮುಚ್ಚಳ ತೆಗೆದಳು. ಅವಳು ಮುಟ್ಟುವ ಮೊದಲೇ ಮಣ್ಣು ತಾನಾಗಿ ಅಲುಗಿತು. ಎಣಿಸಿದಳು: ಹತ್ತೂ ಇದ್ದವು. ಅಡಿಯಲ್ಲಿ, ಅವಳ ಲೆಕ್ಕದಲ್ಲೇ ಇರದಿದ್ದ, ಎಳ್ಳಿಗಿಂತ ತುಸು ದೊಡ್ಡ, ನಿಂಬೆಯ ಆಕಾರದ ಮೂರು ಮೊಟ್ಟೆಗೂಡುಗಳು. ಒಂದನ್ನು ಅಂಗೈಗೆ ಹಾಕಿಕೊಂಡಳು.

"ಇದಕ್ಕೇನು ಹಾಕಿದ್ರಿ?" ಎಂದು ಕೇಳಿದ ಪದ್ಮನಾಭ.

"ಹಳೇ ಬೋರ್‌ವೆಲ್ ನೀರು. ಸತ್ತವಕ್ಕೆ ನಿಮ್ಮ ಹೊಸ ಪ್ಲಾಂಟಿನ ನೀರು. ಬೇರೆ ಏನೂ ವ್ಯತ್ಯಾಸ ಇಲ್ಲ."

ಪದ್ಮನಾಭ ಕಟ್ಟಡದತ್ತ ನೋಡಿದ. ಆರು ಅಂತಸ್ತು ಗಾಜು. ಬೋರ್‌ವೆಲ್ ನೀರು ಸಿಡಿದು ಕೆಳಗಿನ ಗಾಜಿನ ಮೇಲೆಲ್ಲ ಬಿಳಿ ಕಲೆ ಕೂರುತ್ತದೆಂದು, ಎರಡು ತಿಂಗಳ ಹಿಂದೆ ಹುಲ್ಲಿಗೂ ಪ್ಲಾಂಟಿನಲ್ಲಿ ಸುಣ್ಣದಂಶ ತೆಗೆದ ಮೆದು ನೀರನ್ನೇ ಬಿಡಿಸಿದ್ದು ಅವನೇ. "ಒಳ್ಳೆ ಸಿಹಿನೀರು ಮೇಡಂ ಅದು! ಹಾಗಾದ್ರೆ ಮಣ್ಣಲ್ಲಿ ವಿಷ ಇಲ್ವಾ?"

"ಇದೆ. ತಾಮ್ರ. ಎರಡೂ ಡಬ್ಬಿಯಲ್ಲಿ ಒಂದೇ ಅಳತೆ." ಅವಳು ಮೌನಪ್ಪನ ಕಡೆ ತಿರುಗಿದಳು. "ಕಾಕಾ, ಮುಂಜಾನೆ ಒಂಬತ್ತಕ್ಕ ಅಮೀರ್‌ಪೇಟ್ ಬಸ್ ಹತ್ತೀರೇನು?"

"ಹತ್ತಾಕ ಎಲ್ಲಿ ಬಿಡ್ತಾರಕ್ಕಾರ? ಬಾಗಲದಾಗ ಜೋತಾಡತಿರ್ತಾರ."

"ಹಾಂ. ಹುಳಕ್ಕ ಮೈಯೆಲ್ಲಾ ಬಾಗಲಽ. ತೊಗಲಿಂದನಽ ನೀರು ಕುಡೀತೈತಿ. ಬೋರಿನ ನೀರಾಗಿನ ಸುಣ್ಣ ಆ ಬಾಗಲದಾಗ ಜೋತು ಬಿದ್ದಿರತೈತಿ, ತಾಮ್ರಕ್ಕ ಒಳಗ ಹೋಗಾಕ ಜಾಗಾ ಸಿಗೂದಿಲ್ಲ. ಪ್ಲಾಂಟಿನ ನೀರಾಗ ಸುಣ್ಣ ಇಲ್ಲ. ಬಸ್ ಖಾಲಿ, ತಾಮ್ರ ಸೀದಾ ಒಳಗ."

"ಆಯ್ತು," ಎಂದ ಪದ್ಮನಾಭ, ಸೋಲು ಒಪ್ಪದೆ. "ತಾಮ್ರ ಎಲ್ಲಿಂದ ಬಂತು? ಅದನ್ನ ಯಾರೋ ಹಾಕಿರ್ಬೇಕಲ್ಲ?"

ನಳಿನಿಗೆ ಗೊತ್ತಿರಲಿಲ್ಲ. ಮೌನಪ್ಪ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವನು ಟವೆಲನ್ನು ಒಮ್ಮೆ ಹಿಂಡಿದ.

"ನಾನಽ ಹಾಕಿದ್ದು ಸಾಹೇಬ್ರ."

"ನೋಡಿ! ಬಾಯಿಬಿಟ್ಟ!"

"ಇಪ್ಪತ್ತು ವರ್ಷ ಆತ್ರಿ. ಆವಾಗ ಇದು ದ್ರಾಕ್ಷಿ ತೋಟ. ಬಳ್ಳಿ ರೋಗಕ್ಕಂತ ಮೈಲುತುತ್ತ, ಅದಽ ತಾಮ್ರದ ಉಪ್ಪು, ಸುಣ್ಣದ ಜೋಡಿ ಕಲಸಿ, ಪಂಪು ಬೆನ್ನಿಗೆ ಹಾಕ್ಕೊಂಡು ಹೊಡೀತಿದ್ದೆ. ಅಂಗಿ ನೀಲಿ, ಕೈ ನೀಲಿ, ಉಗುಳಿದ್ರ ಉಗುಳೂ ನೀಲಿ. ಕಲಸಿದ ಮ್ಯಾಲ ಕುಡಗೋಲು ಅದ್ದಿ ನೋಡಬೇಕ್ರಿ. ಕಬ್ಬಿಣ ಕೆಂಪಾತಂದ್ರ ತಾಮ್ರ ಇನ್ನಾ ಬಿಡಿಯಾಗಿ ಐತಿ ಅಂತ, ಎಲಿ ಸುಡತೈತಿ. ಮತ್ತಷ್ಟು ಸುಣ್ಣ ಹಾಕೂದು." ಅವನು ಸತ್ತ ಹುಳುಗಳ ಡಬ್ಬಿ ನೋಡಿದ. "ತೋಟ ಹೋದ ಮ್ಯಾಲ ಅದೂ ಹೋತು ಅಂದ್ಕೊಂಡಿದ್ದೆ ಅಕ್ಕಾರ. ಇಲ್ಲೇ ಐತೇನು?"

"ಇಲ್ಲೇ ಐತಿ ಕಾಕಾ. ಎಲ್ಲೂ ಹೋಗಿಲ್ಲ."

ಮೂವರೂ ತಮ್ಮ ಕಾಲ ಕೆಳಗಿನ ಹುಲ್ಲು ನೋಡಿದರು. ಇಪ್ಪತ್ತು ವರ್ಷ ತಾಮ್ರವೂ ಹುಳುವೂ ಅಲ್ಲಿ ಪಕ್ಕಪಕ್ಕದಲ್ಲೇ ಬದುಕಿದ್ದವು. ನಡುವೆ ಇದ್ದದ್ದು ಬರೀ ನೀರಿನ ರುಚಿ. ಸುಣ್ಣವಿದ್ದರೆ ತಾಮ್ರ ಸುಡದೆಂದು ತನ್ನ ಎರಡು ಡಬ್ಬಿ ಮೂರು ವಾರ ತೆಗೆದುಕೊಂಡು ಹೇಳಿದ್ದನ್ನು ಕುಡುಗೋಲೊಂದು ಆಗಲೇ ಹೇಳಿತ್ತು ಎಂದು ನಳಿನಿಗೆ ಹೊಳೆಯಿತು. ಅವಳು ರಿಪೋರ್ಟಿನಲ್ಲಿ 'ಕಾರಣ' ಎಂದಿದ್ದ ಕಡೆ 'ಮೆದು ನೀರು' ಎಂದು ಬರೆದು ಸಹಿ ಹಾಕಿದಳು.

ಪದ್ಮನಾಭ ಓದಿದ. ಮತ್ತೆ ಓದಿದ. "ಗುರುವಾರ ಅಮೆರಿಕದವರು ಬರ್ತಿದಾರೆ ಮೇಡಂ. ಗಾಜೆಲ್ಲ ಕಲೆಯಾಗತ್ತೆ."

"ಒರಸ್ತೀನ್ರಿ," ಎಂದ ಮೌನಪ್ಪ. "ದಿನಾ ಒರಸ್ತೀನಿ."

ಪದ್ಮನಾಭ ಜೇಬಿನಿಂದ ಬೋರ್‌ವೆಲ್ ಕೋಣೆಯ ಬೀಗದ ಕೈ ತೆಗೆದು ಅವನಿಗೆ ಕೊಟ್ಟ.

ಸ್ವಲ್ಪ ಹೊತ್ತಿಗೆ ಹುಲ್ಲಿನ ಮೇಲೆ ಬೋರ್‌ವೆಲ್ ನೀರು ಚಿಮ್ಮಿತು. ಗಾಜಿನ ಮೇಲೆ ಸಿಡಿದ ಹನಿ ಬಿಸಿಲಿಗೆ ಒಣಗಿ, ಮೊದಲ ಬಿಳಿ ಚುಕ್ಕೆ ಮೂಡಿತು. ಪದ್ಮನಾಭನ ಕೈ ಅಭ್ಯಾಸದಂತೆ ಕರವಸ್ತ್ರಕ್ಕೆ ಹೋಗಿ ಅಲ್ಲೇ ನಿಂತಿತು. ನಳಿನಿ ಅಂಗೈಯನ್ನು ಅವನ ಮುಂದೆ ಬೆಳಕಿಗೆ ಹಿಡಿದಿದ್ದಳು. ಮೊಟ್ಟೆಗೂಡಿನೊಳಗೆ, ಕೂದಲಿನಷ್ಟು ತೆಳ್ಳಗಿನ ಕೆಂಪು ಎಳೆಯೊಂದು ಮಗ್ಗಲು ಬದಲಿಸಿತು.